ಕ್ವಾರ್ಟರ್ಸ್ ನಂಬರಿನಿಂದ ಶುರುವಾದ ಕುದುರೆಮುಖದ ಚರಿತ್ರೆ

ನಾನು ಬೆಳೆದ ಮನೆಗೆ ಈಗ ಬಾಗಿಲಿಲ್ಲ. ಕುದುರೆಮುಖ ಟೌನ್‌ಶಿಪ್‌ನ ಕ್ವಾರ್ಟರ್ಸ್ ಅದು. ಗೋಡೆ ತುಂಬಾ ಪಾಚಿ, ಅಡುಗೆಮನೆ ಕಟ್ಟೆಯ ಸಂದಿಯಲ್ಲಿ ಜರಿಗಿಡ. ಅಪ್ಪ ಇಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಡಂಪರ್ ಲಾರಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕ್ ತೆಗೆದರೆ ಒಂದು ಕಟ್ಟು ಪೇ ಸ್ಲಿಪ್, ಹಳೇ ಗೇಟ್ ಪಾಸ್, ಹನ್ನೊಂದು ಫೋಟೋ ಸಿಕ್ಕವು. ಫೋಟೋದಲ್ಲಿದ್ದ ಅರ್ಧಕ್ಕರ್ಧ ಜನ ಯಾರೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಈ ಊರಿನ ಕಥೆ ಬರೆದಿಡಬೇಕು ಅಂತ ಹೊರಟಿದ್ದು ಆವತ್ತು.

ಮೊದಲ ಆರು ತಿಂಗಳು ಸುಮ್ನೆ ಹಾಳಾಯಿತು. ತಪ್ಪು ನನ್ನದೇ. ಅಪ್ಪನ ಜೊತೆ ಕೆಲಸ ಮಾಡಿದವರನ್ನು ಹುಡುಕಿಕೊಂಡು ಹೋಗಿ, "ಅಂಕಲ್, ಊರಿನ ಇತಿಹಾಸ ಹೇಳಿ" ಅನ್ನುತ್ತಿದ್ದೆ. ಅವರು ನೆಟ್ಟಗೆ ಕೂತು ಕಂಪನಿಯ ಇತಿಹಾಸ ಹೇಳುತ್ತಿದ್ದರು, ಆಗಸ್ಟ್ ಹದಿನೈದರ ಭಾಷಣದ ಹಾಗೆ. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇಲ್ಲಿ ಅದಿರು ಗುರುತಿಸಿದ್ದು. 1976ರಲ್ಲಿ ಸರ್ಕಾರಿ ಕಂಪನಿ ಶುರುವಾಗಿದ್ದು. ಸಾಲ ಕೊಟ್ಟು ಅದಿರನ್ನೂ ತಾನೇ ಕೊಳ್ಳುತ್ತೇನೆಂದು ಇರಾನ್ ಒಪ್ಪಿದ್ದು, 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಷಾ ಹೋದ ಮೇಲೆ ಆ ಒಪ್ಪಂದ ಮುರಿದುಬಿದ್ದಿದ್ದು. ಅಷ್ಟಾದರೂ 1980ರಲ್ಲಿ ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಕಾರ್ಖಾನೆ ಸಿದ್ಧವಾಯಿತು, ಅದಿರಿಗೆ ಬೇರೆ ಗಿರಾಕಿ ಹುಡುಕಬೇಕಾಯಿತು. ಎಲ್ಲವೂ ಸರಿ. ಆದರೆ ಹತ್ತು ಜನರ ಬಾಯಲ್ಲೂ ಇದೇ ಬಂದರೆ ಮನೆ ಮನೆಗೆ ಅಲೆಯೋದು ಯಾಕೆ, ಅಲ್ವಾ?

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಕಳಸದಲ್ಲಿ ಒಬ್ಬರು ಅಂಕಲ್ ನನ್ನ ಗುರುತು ಹತ್ತದೆ, "ನಿಮ್ಮ ಕ್ವಾರ್ಟರ್ಸ್ ನಂಬರ್ ಎಷ್ಟು ಮಾರಾಯ?" ಅಂದರು. ನಂಬರ್ ಹೇಳಿದ್ದೇ ತಡ, ಆ ಸಾಲಿನ ಒಂಬತ್ತೂ ಮನೆಯವರ ಜಾತಕ ಹೊರಗೆ ಬಂತು. ಯಾರ ಮನೆಯಲ್ಲಿ ತಮಿಳು, ಯಾರದ್ದು ತುಳು, ಯಾರ ಮನೆಯಿಂದ ಮೀನು ಹುರಿಯುವ ವಾಸನೆ ಬಂದು ಯಾರ ಜೊತೆ ಜಗಳವಾಯಿತು, ನೈಟ್ ಶಿಫ್ಟ್ ಮುಗಿಸಿ ಬಂದವರು ಹಗಲು ಮಲಗಲಿ ಅಂತ ಮಕ್ಕಳನ್ನು ಎಲ್ಲಿಗೆ ಆಡಲು ಅಟ್ಟುತ್ತಿದ್ದರು, ಎಲ್ಲ!

ಆಮೇಲೆ ನಾನು "ಇತಿಹಾಸ" ಅನ್ನುವ ಪದವನ್ನೇ ಎತ್ತಲಿಲ್ಲ. ಒಂದು ಚಾರ್ಟ್ ಪೇಪರ್‌ನಲ್ಲಿ ಕ್ವಾರ್ಟರ್ಸ್ ಸಾಲುಗಳನ್ನು ಬರೆದುಕೊಂಡೆ. ಯಾರ ಮನೆಗೆ ಹೋದರೂ ಅದನ್ನು ಬಿಡಿಸಿ, "ನೀವು ಎಲ್ಲಿದ್ದಿರಿ?" ಅನ್ನುವುದು. ಕೆಲಸವನ್ನೂ ಹೀಗೇ ಕೇಳಿದೆ. ನೀವು ಮುಟ್ಟುತ್ತಿದ್ದ ಮಣ್ಣು ನಿಮ್ಮ ಕೈಯಿಂದ ಎಲ್ಲಿಗೆ ಹೋಗುತ್ತಿತ್ತು? ಡಂಪರಿನವರು ಕಲ್ಲು ಒಡೆಯುವ ಕ್ರಷರ್‌ಗೆ ಅನ್ನುತ್ತಿದ್ದರು. ಅಲ್ಲಿದ್ದವರು ಗ್ರೈಂಡಿಂಗ್‌ಗೆ ಅನ್ನುತ್ತಿದ್ದರು. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಇಡೀ ಸರಪಳಿ ಸಿಕ್ಕಿತು. ಇಲ್ಲಿಯದು ಮ್ಯಾಗ್ನೆಟೈಟ್, ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ನುಣ್ಣಗೆ ಅರೆದು, ಅಯಸ್ಕಾಂತದಿಂದ ಕಬ್ಬಿಣದ ಪುಡಿ ಬೇರ್ಪಡಿಸಬೇಕಿತ್ತು. ಆ ಪುಡಿ ನೀರಿನ ಜೊತೆ ಸ್ಲರಿಯಾಗಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಅಪ್ಪನಿಗೆ ಕ್ರಷರ್ ಆಚೆಗೆ ಏನಾಗುತ್ತದೆ ಅಂತ ಸರಿಯಾಗಿ ಗೊತ್ತೇ ಇರಲಿಲ್ಲವೇನೋ. ನಾನು ಚಿಕ್ಕವನಿದ್ದಾಗ ಕೇಳಿದರೆ "ಕೆಳಗೆ ಹೋಗ್ತದೆ" ಅನ್ನುತ್ತಿದ್ದರು, ಅಷ್ಟೇ.

ಇಸವಿಗಳ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ. ಜನ ಲೆಕ್ಕ ಇಡುವುದು ಮಗಳ ಎಸ್‌ಎಸ್‌ಎಲ್‌ಸಿಯಿಂದ, ಮನೆಗೆ ಟಿವಿ ಬಂದದ್ದರಿಂದ. ಗಣಿ ಯಾವಾಗ ಮುಚ್ಚಿತು ಅಂದರೆ ಒಬ್ಬರು 1999 ಅಂದರು, ಇನ್ನೊಬ್ಬರು 2002, ಮತ್ತೊಬ್ಬರು 2006. ನಾನು ಮೂವರದ್ದೂ ಹೊಡೆದುಹಾಕಿ 2005 ಅಂತ ಬರೆದಿದ್ದೆ. ಆಮೇಲೆ ಯೋಚಿಸಿದರೆ ಮೂವರೂ ಅವರವರ ಮಟ್ಟಿಗೆ ಸರಿ. ಕಂಪನಿ ಹುಟ್ಟುವ ಮೊದಲೇ, 1969ರಲ್ಲಿ, ಕೊಟ್ಟಿದ್ದ 30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಯ ತನಕ ಮಾತ್ರ ಗಣಿಗಾರಿಕೆ ಅಂತ. ಡಿಸೆಂಬರ್ 31ಕ್ಕೆ ಕೆಲಸ ನಿಂತಿತು. 2006 ಅಂದವರ ಮನೆ ಸಾಮಾನು ಲಾರಿ ಹತ್ತಿದ್ದು ಆ ವರ್ಷದ ಏಪ್ರಿಲ್‌ನಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ. ಈಗ ನನ್ನ ಪುಸ್ತಕದಲ್ಲಿ ನಾಲ್ಕೂ ಇಸವಿ ಇವೆ, ಯಾರು ಯಾಕೆ ಹಾಗಂದರು ಅನ್ನುವುದರ ಜೊತೆಗೆ.

ದೊಡ್ಡ ತಪ್ಪು ಇನ್ನೊಂದಿತ್ತು. ನನ್ನ ಮೊದಲ ಕರಡಿನಲ್ಲಿ ಊರು ಶುರುವಾಗುವುದೇ 1976ರಿಂದ. ಸಂಸೆ ಹತ್ತಿರ ಒಬ್ಬರು ಅಜ್ಜಿ ಅದನ್ನು ಓದಿಸಿ ಕೇಳಿ ನಕ್ಕರು. "ಮಲ್ಲೇಶ್ವರ ಅಂತ ಹೆಸರು ಕಂಪನಿಯೋರು ಇಟ್ಟಿದ್ದಾ ಮಗಾ? ನಿಮ್ಮಪ್ಪ ಬರೋಕೆ ಮೊದ್ಲು ಅಲ್ಲಿ ನಮ್ಮ ಗದ್ದೆ ಇತ್ತು" ಅಂದರು. ನಮ್ಮ ಟೌನ್‌ಶಿಪ್ ಎದ್ದ ಜಾಗದ ಹಳೇ ಹೆಸರು ಅದು. ನನಗೆ ತಲೆ ಎತ್ತಲಾಗಲಿಲ್ಲ. ನಾವು ಕ್ರಿಕೆಟ್ ಆಡಿದ ಜಾಗ ಯಾರದೋ ಗದ್ದೆಯಾಗಿತ್ತು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಕ್ವಾರ್ಟರ್ಸ್ ಸಿಗದ ಕಾಂಟ್ರಾಕ್ಟ್ ಕೂಲಿಯವರೂ ನನ್ನ ಚಾರ್ಟ್‌ನಲ್ಲಿ ಇರಲಿಲ್ಲ. ಸಾಲು ಮನೆಯ ನಕ್ಷೆಯಿಂದ ಶುರು ಮಾಡಿದರೆ ಈ ತೊಂದರೆ ಇದೆ: ಮನೆ ಇಲ್ಲದವರು ಕಾಣುವುದೇ ಇಲ್ಲ.

ಗಣಿ ಬೇಡ ಅಂದವರ ಬಳಿಯೂ ಹೋದೆ. ನಮ್ಮ ಮನೆಯಲ್ಲಿ ಅವರಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಭದ್ರಾ ಹೊಳೆಯ ದಂಡೆಯ ಒಬ್ಬ ರೈತರು ಮಳೆಗಾಲದಲ್ಲಿ ಬರುತ್ತಿದ್ದ ಕೆಂಪು ಕೆಸರು ನೀರಿನ ಬಗ್ಗೆ ಎರಡು ಗಂಟೆ ಮಾತಾಡಿದರು. ಅಪ್ಪನ ಕೆಲಸ ಹೋದದ್ದರ ನೋವೂ ನನ್ನದೇ, ಆ ಕೆಸರೂ ನಿಜವೇ. ಎರಡನ್ನೂ ಬರೆದೆ, ತೂಕ ಮಾಡಲು ಹೋಗಲಿಲ್ಲ.

ಹೀಗೆ ಮಾಡ ಹೊರಟವರಿಗೆ ಒಂದೆರಡು ಮಾತು. ಯಾರ ಫೋಟೋವನ್ನೂ ಮನೆಗೆ ತರಬೇಡಿ, ಅವರ ಮನೆಯ ಕಿಟಕಿ ಬೆಳಕಿನಲ್ಲೇ ಫೋನಿನಿಂದ ತೆಗೆದುಕೊಳ್ಳಿ. ಹಿಂಬದಿಯನ್ನೂ ತೆಗೆಯಿರಿ, ಹೆಸರು ಇರುವುದು ಅಲ್ಲೇ. ನಮ್ಮ ಮಳೆಗೆ ಆಲ್ಬಂಗಳೆಲ್ಲ ಅಂಟಿಕೊಂಡು ಹೋಗಿವೆ, ಎಳೆದರೆ ಮುಖವೇ ಕಿತ್ತು ಬರುತ್ತದೆ. ದಾಖಲೆ ಕೇಳಲು ಹೋದ ಕಚೇರಿಯೊಂದರಲ್ಲಿ ನನ್ನನ್ನು ಮೂರು ಸಲ "ನಾಳೆ ಬನ್ನಿ" ಅಂದು ಕಳಿಸಿದರು. ನಿವೃತ್ತರ ಟ್ರಂಕಿನಲ್ಲಿ ಅದಕ್ಕಿಂತ ಜಾಸ್ತಿ ಸಿಕ್ಕಿತು. ಗಣಿ ಜಾಗಕ್ಕೆ ನುಗ್ಗಬೇಡಿ, ಸುತ್ತ ಇರುವುದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಕಾಡೊಳಗೆ ಕಾಲಿಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಪುಸ್ತಕವನ್ನು ನಲವತ್ತು ಪ್ರತಿ ಜೆರಾಕ್ಸ್ ಮಾಡಿ ಹಂಚಿದ್ದೇನೆ. ಹೋದ ವಾರ ಮಂಗಳೂರಿನಿಂದ ಒಬ್ಬರು ಆಂಟಿ ಫೋನ್ ಮಾಡಿದರು. ಹೊಗಳುತ್ತಾರೆ ಅಂದುಕೊಂಡೆ. "ನಮ್ಮದು ಮೂರನೇ ಸಾಲಲ್ಲ, ನಾಲ್ಕನೇದು. ಮನೆ ಮುಂದೆ ಪೇರಳೆ ಮರ ಇತ್ತಲ್ಲ, ನೀನೇ ಬಂದು ಕದ್ದು ತಿಂತಿದ್ದೆ" ಅಂದರು. ಚಾರ್ಟ್ ಮತ್ತೆ ಬಿಡಿಸಿದ್ದೇನೆ.