ಟ್ರೋಲ್‌ಗಿಂತ ಹಳಬರೇ ಕಷ್ಟ: ಒಬ್ಬ ಮಾಡರೇಟರ್‌ನ ಅನುಭವ

ಹವ್ಯಾಸಿ ಖಗೋಳ ವೀಕ್ಷಕರ ಆನ್‌ಲೈನ್ ಬಳಗವೊಂದಕ್ಕೆ ನಾನು ಮಾಡರೇಟರ್. ಟ್ರೋಲ್‌ಗಳ ಕಾಟವನ್ನು ಹೇಗೆ ತಡೆಯುತ್ತೀರಿ ಎಂದು ಬೇರೆ ಬಳಗಗಳವರು ಕೇಳುತ್ತಿರುತ್ತಾರೆ. ನನ್ನ ಕೆಲಸದಲ್ಲಿ ತಲೆನೋವು ಕಡಿಮೆ ಇರುವುದು ಅಲ್ಲೇ.

ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ ಎಂದು ವಾದಿಸುವವರು ನಮ್ಮಲ್ಲಿಗೆ ಆಗಾಗ ಬರುತ್ತಾರೆ. ಗಾಳಿಯೇ ಇಲ್ಲದ ಕಡೆ ಬಾವುಟ ಹೇಗೆ ಬಿಡಿಸಿಕೊಂಡು ನಿಂತಿತು ಎಂಬುದು ಒಳ್ಳೆಯ ಪ್ರಶ್ನೆಯೇ. ಅದರ ಮೇಲಂಚಿನಲ್ಲಿ ಅಡ್ಡ ಸರಳಿತ್ತು ಎಂದು ಉತ್ತರಿಸುತ್ತೇವೆ. ಉತ್ತರ ಓದಿ ಮರುಪ್ರಶ್ನೆ ಹಾಕಿದರೆ ಅವನಿಗೆ ಕುತೂಹಲವಿದೆ ಎಂದರ್ಥ. ಉತ್ತರದ ಗೊಡವೆಗೇ ಹೋಗದೆ ಅದೇ ಬಾವುಟವನ್ನು ಗ್ರಹಣದ ಚರ್ಚೆಗೂ, ಲೆನ್ಸ್ ಒರೆಸುವ ಚರ್ಚೆಗೂ ಹೊತ್ತು ತಂದರೆ ಅವನಿಗೆ ಬೇಕಾಗಿರುವುದು ನಮ್ಮ ಸಿಟ್ಟು. ನಾನು ನೋಡುವ ಲಕ್ಷಣ ಇದೊಂದೇ. ಮಾತಿನ ವಿನಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಳಗಿದ ಟ್ರೋಲ್‌ಗಳು ಬಹಳ ವಿನಯವಂತರು. ಎಲ್ಲರೆದುರು ಬೈದು ಹೊರಹಾಕಿದರೆ ಕೇಳದೆಯೇ ವೇದಿಕೆ ಕೊಟ್ಟಂತಾಗುತ್ತದೆ. ಎರಡು ಸಾಲಿನ ಖಾಸಗಿ ಸಂದೇಶ, ಖಾತೆ ಬಂದ್, ಅಷ್ಟೇ.

ಬರೆದದ್ದು ಬರೆದವನಿಗೊಬ್ಬನಿಗೇ ಕಾಣುವಂತೆ ಗುಟ್ಟಾಗಿ ಮರೆಮಾಡುವ ಉಪಾಯವೂ ಒಂದಿದೆ. ನಾನು ಅದನ್ನು ಮುಟ್ಟುವುದಿಲ್ಲ. ಅಂಥದ್ದು ನಡೆಯುತ್ತದೆಂದು ಒಮ್ಮೆ ಗೊತ್ತಾದರೆ ಸಾಕು, ಉತ್ತರ ಬಾರದ ಪ್ರತಿಯೊಬ್ಬ ಸದಸ್ಯನೂ ತನ್ನನ್ನೂ ಹೀಗೆಯೇ ಮಾಡಿದ್ದಾರೆಯೇ ಎಂದು ಶಂಕಿಸತೊಡಗುತ್ತಾನೆ.

ನಿಜವಾದ ಕಷ್ಟ ಹಳಬರದು. ನಮ್ಮಲ್ಲೊಬ್ಬ ಹಿರಿಯರಿದ್ದಾರೆ, ತಾವೇ ಕನ್ನಡಿ ಉಜ್ಜಿ ದೂರದರ್ಶಕ ಕಟ್ಟಿದವರು. ಅವರ ಉತ್ತರಗಳಿಲ್ಲದಿದ್ದರೆ ಬಳಗ ಬಡವಾಗುತ್ತದೆ. ಒಮ್ಮೆ ಹೊಸ ಸದಸ್ಯೆಯೊಬ್ಬರು 60 ಮಿಲಿಮೀಟರ್ ದೂರದರ್ಶಕ ಕೊಂಡಿದ್ದರು. ಪೆಟ್ಟಿಗೆಯ ಮೇಲೆ 675 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಬರೆದಿದೆ, ಆದರೆ ಶನಿ ಬರೀ ಮಸುಕು ಚುಕ್ಕೆಯಾಗಿ ಕಾಣುತ್ತದೆ, ಏಕೆ ಎಂದು ಕೇಳಿದರು. ಉತ್ತರ ಸರಳವಾದದ್ದು. ದೂರದರ್ಶಕದ ಮುಂಭಾಗದ ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ 2 ಪಟ್ಟು ಉಪಯೋಗಕ್ಕೆ ಬರುತ್ತದೆ. 120 ದಾಟಿದ ಮೇಲೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಕಡಿಮೆ ಪಟ್ಟಿನ ಐಪೀಸ್, ಅಂದರೆ ಕಣ್ಣಿಡುವ ಕಡೆಯ ಮಸೂರ, ಹಾಕಿದರೆ ಉಂಗುರ ಕಾಣುತ್ತದೆ. ಹಿರಿಯರು ಇದನ್ನೇ ಬರೆದರು. ಆದರೆ ಮೊದಲ ಸಾಲು ಹೀಗಿತ್ತು: "ಆಟಿಕೆಗೆ ದುಡ್ಡು ಸುರಿಯುವ ಮುನ್ನ ಸ್ವಲ್ಪ ಓದುವ ಅಭ್ಯಾಸ ಇಟ್ಟುಕೊಳ್ಳಿ." ಒಂದಷ್ಟು ಜನ ನಗುವ ಚಿಹ್ನೆ ಒತ್ತಿದರು. ಆಕೆ ಮತ್ತೆ ಏನನ್ನೂ ಕೇಳಲಿಲ್ಲ.

ಅದರಲ್ಲಿ ಬೈಗುಳವಿಲ್ಲ, ಸುಳ್ಳೂ ಇಲ್ಲ. ಆದರೂ ಬಾವುಟದವರೆಲ್ಲ ಸೇರಿ ಮಾಡಲಾಗದ ಹಾನಿಯನ್ನು ಆ ಒಂದು ಸಾಲು ಮಾಡಿತು. ನಾನು ಆ ಸಾಲನ್ನಷ್ಟೇ ತೆಗೆದೆ, ಉತ್ತರವನ್ನು ಹಾಗೇ ಬಿಟ್ಟೆ. ಕೆಳಗೆ "ಒಂದು ಸಾಲು ತೆಗೆಯಲಾಗಿದೆ, ಪ್ರಶ್ನೆ ಕೇಳಿದವರನ್ನು ಹೀಗಳೆಯುತ್ತಿತ್ತು" ಎಂದು ಬರೆದು ನನ್ನ ಹೆಸರು ಹಾಕಿದೆ. ಇಷ್ಟು ವರ್ಷ ದುಡಿದವನಿಗೆ ಇದೇ ಮರ್ಯಾದೆಯೇ ಎಂದು ಅವರು ಕೆರಳಿದರು. ಅವರ ಪೋಸ್ಟ್‌ಗಳು ಪರಿಶೀಲನೆಯಿಲ್ಲದೆ ಪ್ರಕಟವಾಗುತ್ತವೆ, ಬೇರೆಯವರ ಶೀರ್ಷಿಕೆ ತಿದ್ದುವ ಹಕ್ಕೂ ಅವರಿಗಿದೆ. ದುಡಿಮೆಗೆ ಸಿಕ್ಕ ನಂಬಿಕೆ ಎಂದರೆ ಇವೇ; ಹೊಸಬರನ್ನು ಚುಚ್ಚುವ ಪರವಾನಗಿ ಆ ಪಟ್ಟಿಯಲ್ಲಿಲ್ಲ ಎಂದು ಉತ್ತರಿಸಿದೆ.

ಅವರನ್ನು ಆಗಲೇ ಹೊರಹಾಕಬೇಕಿತ್ತು ಎಂದವರೂ ಇದ್ದರು. ನನಗೆ ಅದು ಸರಿ ಎನಿಸಲಿಲ್ಲ. ನೀರಾವರಿ ಕಾಲುವೆ, ಮೀನುಗಾರಿಕೆಯ ನೀರು, ಕಾಡುಗಳನ್ನು ಜನ ತಾವೇ ಕಾಯ್ದುಕೊಂಡ ಬಗೆಯನ್ನು ಅಧ್ಯಯನ ಮಾಡಿದ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಕಂಡ ಗುಣಗಳಲ್ಲಿ ಇದೂ ಒಂದು: ಮೊದಲ ತಪ್ಪಿಗೆ ಸಣ್ಣ ದಂಡ, ಮರುಕಳಿಸಿದಂತೆ ದೊಡ್ಡದು. ಸಾಲು ತೆಗೆಯುವುದು, ಎಚ್ಚರಿಕೆ, ಒಂದು ವಾರದ ತಡೆ, ಕೊನೆಗೆ ಹೊರಗೆ. ನಮ್ಮಲ್ಲೂ ಇದೇ ಕ್ರಮ.

ಇನ್ನು ನನ್ನ ಅಧಿಕಾರದ ವಿಷಯ. ಅಳಿಸುವ ಗುಂಡಿ ಕೈಗೆ ಬಂದವನಿಗೆ ತನ್ನನ್ನು ಟೀಕಿಸುವವರೆಲ್ಲ ಟ್ರೋಲ್‌ಗಳಾಗಿ ಕಾಣಲು ಹೆಚ್ಚು ದಿನ ಬೇಕಿಲ್ಲ. ಹಾಗೆಂದು ಗುಂಡಿಯನ್ನೇ ಬಿಸಾಡಿದರೂ ಆಗದು. ಸದಸ್ಯರು ಪಾತ್ರಗಳಾಗಿ ಬರೀ ಬರಹದ ಮೂಲಕ ಬೆರೆಯುತ್ತಿದ್ದ ಲ್ಯಾಂಬ್ಡಾಮೂ ಎಂಬ ಆನ್‌ಲೈನ್ ಲೋಕದ ನಿರ್ವಾಹಕರು 1992ರ ಕೊನೆಯಲ್ಲಿ, ಇನ್ನು ಸದಸ್ಯರ ಜಗಳಕ್ಕೆ ತಲೆಹಾಕುವುದಿಲ್ಲ ಎಂದು ಘೋಷಿಸಿದರು. ಮರುವರ್ಷ ಒಬ್ಬ ಸದಸ್ಯ ಇತರರ ಪಾತ್ರಗಳ ಮೇಲೆ ಹೇಯವಾದ ಹಲ್ಲೆ ನಡೆಸಿದಾಗ, ಏನು ಮಾಡಬೇಕೆಂದು ಹೇಳುವ ವ್ಯವಸ್ಥೆಯೇ ಅಲ್ಲಿರಲಿಲ್ಲ. ಕೊನೆಗೆ ಒಬ್ಬ ನಿರ್ವಾಹಕ ತಾನೇ ನಿರ್ಧರಿಸಿ ಆ ಖಾತೆಯನ್ನು ಅಳಿಸಿದ. ಮನವಿ ಮತ್ತು ಮತದಾನದ ಏರ್ಪಾಡು ಬಂದದ್ದು ಆಮೇಲೆ.

ನಾನು ಮೆಚ್ಚುವುದು ತಂತ್ರಜ್ಞಾನ ಸುದ್ದಿಯ ಚರ್ಚಾತಾಣವಾದ ಸ್ಲ್ಯಾಶ್‌ಡಾಟ್‌ನ ಹಳೆಯ ಕಟ್ಟುಪಾಡನ್ನು: ಇತರರ ಟಿಪ್ಪಣಿಗಳನ್ನು ಮೇಲೇರಿಸಲು ಅಥವಾ ಕೆಳಗಿಳಿಸಲು ಸದಸ್ಯರಿಗೆ ಸರದಿಯಂತೆ 5 ಅಂಕ, 3 ದಿನದೊಳಗೆ ಬಳಸದಿದ್ದರೆ ರದ್ದು; ಚರ್ಚೆಯಲ್ಲಿ ತಾವೇ ಬಾಯಿ ಹಾಕಿದರೆ ಅಲ್ಲಿ ಕೊಟ್ಟ ಅಂಕಗಳೂ ಹೋದವು. ತಾವು ಭಾಗಿಯಾದ ವಿವಾದದಲ್ಲಿ ಅಧಿಕಾರ ಬಳಸಬಾರದೆಂದು ವಿಕಿಪೀಡಿಯದ ನಿರ್ವಾಹಕರಿಗೂ ಕಟ್ಟಳೆಯಿದೆ. ನಾವು ಅದನ್ನೇ ತಂದುಕೊಂಡೆವು. ನನ್ನ ಜಗಳದಲ್ಲಿ ನಾನು ಗುಂಡಿ ಮುಟ್ಟುವಂತಿಲ್ಲ. ಪ್ರತಿ ಕ್ರಮವೂ ಕಾರಣದೊಡನೆ, ಸದಸ್ಯರೆಲ್ಲ ಓದಬಹುದಾದ ದಾಖಲೆಗೆ ಹೋಗುತ್ತದೆ.

ಈಚೆಗೆ ಅದೇ ಹಿರಿಯರು ನನ್ನ ಹೆಸರು ಹಿಡಿದು, ನಾನು ಸಾಲುಗಳನ್ನು ತೆಗೆದದ್ದನ್ನು ಲೇವಡಿ ಮಾಡಿ ಉದ್ದನೆಯ ಪೋಸ್ಟ್ ಹಾಕಿದರು. ನಾನು ಅದನ್ನು ಉಳಿದಿಬ್ಬರು ಮಾಡರೇಟರ್‌ಗಳಿಗೆ ಒಪ್ಪಿಸಿದೆ. ಲೇವಡಿ ನಿರ್ಧಾರಗಳ ಮೇಲಿದೆ, ಇರಲಿ ಎಂದರು. ನನಗೆ ಈಗಲೂ ಒಪ್ಪಿಗೆಯಿಲ್ಲ. ದಾಖಲೆಯಲ್ಲಿ ನನ್ನ ಭಿನ್ನಮತವನ್ನು ಬರೆದಿಟ್ಟಿದ್ದೇನೆ. ಪೋಸ್ಟ್ ಅಲ್ಲೇ ಇದೆ.