ಮರದ ಮೇಜಿನ ಮೇಲೆ ಹಾಲೋಗ್ರಾಮ್, ನೀರಿನಡಿ ಲೆನ್ಸ್: ನನ್ನ ಅನುಭವ

"ಆಪ್ಟಿಕಲ್ ಟೇಬಲ್ ಇಲ್ಲದೆ ಹಾಲೋಗ್ರಾಮ್ ತೆಗೀತೀರಾ? ಆಗಲ್ಲ ಬಿಡಿ" ಅಂದವರೇ ಜಾಸ್ತಿ. ಆಪ್ಟಿಕಲ್ ಟೇಬಲ್ ಅಂದರೆ ಕಂಪನ ತಾಗದ ಭಾರಿ ಮೇಜು. ಇಲ್ಲಿ ಹಾಲೋಗ್ರಾಮ್ ಅಂದರೆ ಎರಡು ಬೆಳಕು ಬೆರೆತು ಮೂಡುವ ಗೆರೆಗಳ ಚಿತ್ರ, ಆ ಗೆರೆಗಳಿಂದಲೇ ಎತ್ತರದ ಲೆಕ್ಕ. ಈಗ ಬೆಂಗಳೂರಿನ ನಮ್ಮ ಎರಡನೇ ಮಹಡಿಯ ರೂಮಿನಲ್ಲಿ, ಮಾಮೂಲಿ ಮರದ ಮೇಜಿನ ಮೇಲೆ, ಕಾಲು ಮಿಲಿಮೀಟರ್ ಅಗಲದ ಸಿಲಿಕಾ ಲೆನ್ಸ್‌ಗಳ ಉಬ್ಬು ಅಳೆಯುತ್ತಿದ್ದೇನೆ.

ಮೊದಲು ಕಟ್ಟಿದ್ದು ಎಲ್ಲರಂತೆ ಮಾಕ್-ಜೆಂಡರ್, ಅಂದರೆ ಲೇಸರ್ ಬೆಳಕನ್ನು ಎರಡು ದಾರಿಗೆ ಒಡೆದು ಮತ್ತೆ ಸೇರಿಸುವ ಜೋಡಣೆ. ಕೆಳಗೆ ಬಸ್ಸು ಹೋದರೆ ಸಾಕು, ಫ್ರಿಂಜ್ (ಆ ಗೆರೆಗಳು) ಕುಣಿಯುತ್ತಿದ್ದವು. ಅಲುಗಾಟ ತಡೆಯಲು ಮರಳಿನ ಪೆಟ್ಟಿಗೆ, ಸೈಕಲ್ ಟ್ಯೂಬು ಎಲ್ಲ ಆಯಿತು. ಅದಕ್ಕೇ 10-12 ಸಾವಿರ ಹೋಯಿತು. ಒಳ್ಳೆಯ ಟೇಬಲ್ ಅಂದರೆ ಲಕ್ಷಗಳ ಮಾತು. ಎಸ್.ಪಿ. ರೋಡಿನ (ಇಲ್ಲಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್) ಲೇಸರ್ ಮಾಡ್ಯೂಲ್ ಬಿಸಿಯಾದ ಕೂಡಲೇ ಫ್ರಿಂಜ್ ಮಸುಕಾಗುತ್ತಿದ್ದವು. ಹಳೆಯ ಹೀಲಿಯಂ-ನಿಯಾನ್ ಲೇಸರ್ ಒಂದನ್ನು ಸುಮಾರು 15 ಸಾವಿರಕ್ಕೆ ತಂದೆ, ಆ ಕಾಟ ತಪ್ಪಿತು.

ಕೊನೆಗೆ ಎರಡು ದಾರಿಯ ಸಹವಾಸವೇ ಬೇಡ ಅಂತ ಬಿಟ್ಟೆ. 10ಎಕ್ಸ್ ಆಬ್ಜೆಕ್ಟಿವ್ (ಮೈಕ್ರೋಸ್ಕೋಪಿನ ಲೆನ್ಸ್) ಆದಮೇಲೆ 5 ಮಿ.ಮೀ. ದಪ್ಪದ ಗಾಜಿನ ಪ್ಲೇಟನ್ನು 45 ಡಿಗ್ರಿಗೆ ನಿಲ್ಲಿಸಿದೆ. ಅದರ ಎರಡೂ ಮುಖಗಳಿಂದ ಪ್ರತಿಫಲಿಸಿದ ಬೆಳಕು ಒಂದರಿಂದೊಂದು ಸುಮಾರು 4 ಮಿ.ಮೀ. ಸರಿದು ಕ್ಯಾಮೆರಾ ಮೇಲೆ ಬೀಳುತ್ತದೆ. ಹಾಗಾಗಿ ಒಂದರ ಲೆನ್ಸ್ ಇನ್ನೊಂದರ ಖಾಲಿ ಜಾಗದ ಮೇಲೆ ಕೂರುತ್ತದೆ, ಲೆನ್ಸ್ ಪಕ್ಕದ ಆ ಖಾಲಿ ಜಾಗವೇ ರೆಫರೆನ್ಸ್ (ಹೋಲಿಕೆಯ ಬೆಳಕು). ಅಲುಗಿದರೆ ಎರಡೂ ಒಟ್ಟಿಗೇ ಅಲುಗುತ್ತವೆ, ಫ್ರಿಂಜ್ ನಿಂತಲ್ಲೇ ನಿಲ್ಲುತ್ತವೆ. ಪಕ್ಕದಲ್ಲಿ ಖಾಲಿ ಜಾಗ ಇರಲೇಬೇಕು, ಹಾಗಾಗಿ ಅರೇಯ (ಸಾಲಾಗಿ ಜೋಡಿಸಿದ ಲೆನ್ಸ್ ಗುಂಪಿನ) ಅಂಚಿನ ಲೆನ್ಸ್‌ಗಳನ್ನಷ್ಟೇ ಅಳೆಯಬಹುದು. ಪ್ಲೇಟನ್ನು ಎಷ್ಟು ವೆಜ್ (ಎರಡು ಮುಖಗಳ ನಡುವಿನ ಓರೆ) ಇರುವಂತೆ ಆರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಿಜವಾದ ತಲೆನೋವು ಲೆನ್ಸಿನ ಅಂಚು. ವಕ್ರತೆಯ ತ್ರಿಜ್ಯ 0.2 ಮಿ.ಮೀ., ಅಂಚಿನ ಇಳಿಜಾರು 38-39 ಡಿಗ್ರಿ. ಗಾಳಿಯಲ್ಲಿ ಅಲ್ಲಿಂದ ಬಾಗಿದ ಬೆಳಕು ಆಬ್ಜೆಕ್ಟಿವ್ ಒಳಗೆ ಬರುವುದೇ ಇಲ್ಲ. ಸುತ್ತ ಬರೀ ಕಪ್ಪು ಬಳೆ, ಅನ್‌ರಾಪಿಂಗ್ (ಫ್ರಿಂಜ್ ಜೋಡಿಸಿ ಎತ್ತರ ತೆಗೆಯುವ ಲೆಕ್ಕ) ಅಲ್ಲಿಗೇ ಖತಂ. ಲೆನ್ಸ್ ಮೇಲೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಕವರ್ ಸ್ಲಿಪ್ ಮುಚ್ಚಿದೆ. ನೀರಿನಲ್ಲಿ ಬೆಳಕು ಅಷ್ಟು ಬಾಗುವುದಿಲ್ಲ. ಕಪ್ಪು ಬಳೆ ಹೋಯಿತು, ಅಂಚಿನವರೆಗೂ ಫ್ರಿಂಜ್! ಗಾಳಿಯಲ್ಲಿ ಒಂದು ಫ್ರಿಂಜ್‌ಗೆ 1.4 ಮೈಕ್ರಾನ್ ಎತ್ತರ, ನೀರಿನಲ್ಲಿ 5. ನೀರಿನಲ್ಲಿ ಒಟ್ಟು 9 ಫ್ರಿಂಜ್ ಹತ್ತಿರ, ಎತ್ತರ ಸುಮಾರು 44 ಮೈಕ್ರಾನ್. ಸ್ಟೈಲಸ್ ಪ್ರೊಫೈಲೋಮೀಟರಿನ (ಸೂಜಿ ಎಳೆದು ಎತ್ತರ ಅಳೆಯುವ ಯಂತ್ರ) ಅಳತೆಗೂ ಇದಕ್ಕೂ ಅರ್ಧ ಮೈಕ್ರಾನ್ ವ್ಯತ್ಯಾಸವೂ ಬರಲಿಲ್ಲ. ಆಗಲ್ಲ ಅಂದವರಿಗೆ ಆ ಎರಡು ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದೆ. ನೀರಿನ ಉಷ್ಣತೆ ಮಾತ್ರ ಬರೆದಿಟ್ಟುಕೊಳ್ಳಿ. 5 ಡಿಗ್ರಿ ಬದಲಾದರೆ ಎತ್ತರ 0.2 ಮೈಕ್ರಾನಿನಷ್ಟು ತಪ್ಪುತ್ತದೆ.

ನೋಡೋಣ ಅಂತ ಸುಮ್ನೆ ಗ್ಲಿಸರಿನ್ ಕೂಡ ಹಾಕಿದೆ. ಅದರ ವಕ್ರೀಭವನ ಸೂಚ್ಯಂಕ (ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಳತೆ) ಸಿಲಿಕಾಗಿಂತ ಚೂರು ಹೆಚ್ಚು, ಹಾಗಾಗಿ ಉಬ್ಬು ಲೆನ್ಸ್ ತಗ್ಗಾಗಿ ಕಾಣಿಸಿತು! ಅಳತೆಗೆ ಅದು ಬೇಡ, ಒಂದೇ ಫ್ರಿಂಜಿನಲ್ಲಿ 40 ಮೈಕ್ರಾನ್ ಅಡಗಿಬಿಡುತ್ತದೆ. ಆದರೆ ಪ್ಲಸ್ಸೋ ಮೈನಸ್ಸೋ (ಉಬ್ಬೋ ತಗ್ಗೋ) ಅನ್ನುವ ಅನುಮಾನ ಬಂದಾಗ ನಾನು ಹಾಕುವುದು ಅದನ್ನೇ.