ಪಾರ್ಕಿನ್ಸನ್: ಮಾತ್ರೆಯ ಜೊತೆ ಮನಸ್ಸಿನ ಲೆಕ್ಕವನ್ನೂ ಬರೆದಿಡುವುದು ಹೇಗೆ?

ಪಾರ್ಕಿನ್ಸನ್ ಇರುವವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಏನಾಗುತ್ತದೆ, ಗೊತ್ತಲ್ವಾ? ಸಿಗುವುದು ಹತ್ತು ನಿಮಿಷ. "ಹೇಗಿದ್ದೀರಿ?" ಅಂದರೆ "ಪರವಾಗಿಲ್ಲ ಸಾರ್" ಅನ್ನುತ್ತಾರೆ. ಕೈನಡುಕ, ನಡಿಗೆ ತೋರಿಸಿ, ಮಾತ್ರೆ ಬರೆಸಿಕೊಂಡು ಬರುತ್ತೇವೆ. ಮೊಮ್ಮಗಳು ಬಂದರೂ ಗೋಡೆ ಕಡೆ ತಿರುಗಿ ಮಲಗಿದ್ದು ಮಾತಿಗೇ ಬರುವುದಿಲ್ಲ. ನಮ್ಮ ಅಪ್ಪನ ವಿಷಯದಲ್ಲಿ ಎರಡು ವರ್ಷ ನಾನೂ ಹೀಗೇ ಮಾಡಿದೆ.

ಖಿನ್ನತೆ, ಆತಂಕ ಈ ಕಾಯಿಲೆಯಲ್ಲೇ ಸೇರಿವೆ. ನಡುಕ ಶುರುವಾಗುವ ಮೊದಲೇ ಮಂಕು ಕವಿಯುವುದೂ ಉಂಟು. ಮನಸ್ಸು ಕುಸಿದವರು ವ್ಯಾಯಾಮ ಬಿಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ, ನಡಿಗೆ ಇನ್ನೂ ಕೆಡುತ್ತದೆ. ಅದಕ್ಕೇ ಡಾಕ್ಟರ ಭೇಟಿಗೆ ಮೊದಲು ಒಂದು ವಾರ ಲೆಕ್ಕ ಬರೆಯಿರಿ.

ಮೊದಲು ಒಂದು ನೋಟ್‌ಬುಕ್ ತನ್ನಿ. ಆ್ಯಪ್ ಬೇಡವೇ ಬೇಡ, ನಡುಗುವ ಬೆರಳಿಗೆ ಅದು ಹಿಂಸೆ.

ಆಮೇಲೆ ಮಾತ್ರೆ ನುಂಗಿದ ಸಮಯ. ಚೀಟಿಯಲ್ಲಿ ಇದ್ದದ್ದಲ್ಲ, ನಿಜವಾಗಿ ನುಂಗಿದ್ದು. ಊಟ ತಿಂಡಿಯನ್ನೂ ಬರೆಯಿರಿ. ಬೇಳೆ, ಮೊಟ್ಟೆ, ಹಾಲಿನಲ್ಲಿರುವ ಪ್ರೋಟೀನ್ ಜಾಸ್ತಿಯಾದರೆ ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ದಿನಕ್ಕೊಮ್ಮೆ "ಇವತ್ತು ಬೇಜಾರು" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಮಾತ್ರೆಗೆ ಮುಂಚೆ ಒಂದು ಸಲ, ನುಂಗಿ ಒಂದು ಗಂಟೆಗೆ ಇನ್ನೊಂದು ಸಲ ಕೇಳಿ. "ಬೇಜಾರಾಗಿದ್ಯಾ?" ಅಂತ ಕೇಳಬೇಡಿ, "ಇಲ್ಲ" ಅಂದುಬಿಡುತ್ತಾರೆ. "ಈಗ ಎದೆಯೊಳಗೆ ಹೇಗಿದೆ ಅಪ್ಪಾ? ಹಗುರವೋ, ಭಾರವೋ, ಭಯವೋ?" ಎಂದು ಕೇಳಿ. ಮೂರೇ ಪದ ಸಾಕು. ಮುಖ ನೋಡಿ ನೀವೇ ತೀರ್ಮಾನಿಸಬೇಡಿ. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿದು, ಖುಷಿಯಾಗಿದ್ದರೂ ಸಪ್ಪಗೆ ಕಾಣುತ್ತಾರೆ. ಅವರ ಮಾತನ್ನೇ ಬರೆದುಕೊಳ್ಳಿ.

ನಮ್ಮ ಪುಸ್ತಕದ ಒಂದು ಪುಟ ಹೀಗಿತ್ತು: "8ಕ್ಕೆ ಮಾತ್ರೆ. 9ಕ್ಕೆ ಹಗುರ, ಪೇಪರ್ ಓದಿದರು. 11.40ಕ್ಕೆ ಭಯ, 'ಒಬ್ಬನ್ನೇ ಬಿಟ್ಟು ಹೋಗ್ಬೇಡ' ಅಂದರು. 12ಕ್ಕೆ ಮಾತ್ರೆ. 1ಕ್ಕೆ ಹಗುರ." ನಾಲ್ಕು ದಿನವೂ ಇದೇ. ಮಾತ್ರೆಯ ಶಕ್ತಿ ಇಳಿಯುವ ಹೊತ್ತಿಗೆ ಭಯ ಏರುತ್ತಿತ್ತು. ಹಾಳೆ ನೋಡಿದ ಡಾಕ್ಟರು ಮಾತ್ರೆಯ ಹೊತ್ತನ್ನು ಬದಲಿಸಿದರು. ಅದರ ಬದಲು ಇಡೀ ದಿನ "ಭಾರ" ಅಂತಲೇ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಬೇಕು: ಕೌನ್ಸೆಲಿಂಗ್, ಖಿನ್ನತೆಯ ಮಾತ್ರೆ. ಈ ವ್ಯತ್ಯಾಸ ಹತ್ತು ನಿಮಿಷದಲ್ಲಿ ಯಾವ ಡಾಕ್ಟರಿಗೂ ತಾನಾಗಿ ಹೊಳೆಯುವುದಿಲ್ಲ.

ಡಾಕ್ಟರ ಭೇಟಿಯ ಹಿಂದಿನ ರಾತ್ರಿ ಕೂತು ವಾರದ ಲೆಕ್ಕ ತುಂಬಿಸುವವರಿದ್ದಾರೆ. ದಯವಿಟ್ಟು ಬೇಡ. ಅದಕ್ಕಿಂತ ಎರಡೇ ದಿನದ ನಿಜವಾದ ಲೆಕ್ಕ ಮೇಲು.

ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಪಾರ್ಕಿನ್ಸನ್ ಮಾತ್ರೆಗಳನ್ನು ತಗೊಳ್ಳುವವರಲ್ಲಿ ಇದ್ದಕ್ಕಿದ್ದಂತೆ ಜೂಜು, ವಿಪರೀತ ಖರೀದಿಯ ಚಟ ಕಂಡರೆ ಅದನ್ನೂ ಬರೆಯಿರಿ. ಅದು ಮಾತ್ರೆಯ ಅಡ್ಡಪರಿಣಾಮ ಇರಬಹುದು. ನಾಚಿಕೆಯಿಂದ ಮುಚ್ಚಿಟ್ಟು ಸಾಲ ಮಾಡಿಕೊಂಡ ಮನೆಗಳಿವೆ. ಹಾಗಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಅಪಾಯ.

ಪಾರ್ಕಿನ್ಸನ್‌ಗೆಂದು ಆನ್‌ಲೈನ್‌ನಲ್ಲಿ ಸಿಗುವ ನಸುಗುನ್ನಿ ಬೀಜದ ಪುಡಿಯನ್ನು ಡಾಕ್ಟರಿಗೆ ಹೇಳದೆ ಕೊಡಲೇಬೇಡಿ. ಆ ಬೀಜದಲ್ಲೇ ಲೆವೊಡೋಪಾ ಇದೆ. ಯಾವ ಡಬ್ಬಿಯಲ್ಲಿ ಎಷ್ಟಿದೆ ಎಂಬ ಖಾತ್ರಿ ಇಲ್ಲ, ನೀವು ಬರೆದ ಲೆಕ್ಕವೂ ಕೆಡುತ್ತದೆ.

ಕೊನೆಗೆ ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿ, ಒಳಗೆ ಹೋದ ತಕ್ಷಣ ಕೊಡಿ. ಎದ್ದು ಹೊರಡುವಾಗ ಅಲ್ಲ. ಮನೋವೈದ್ಯರನ್ನೂ ನೋಡಬೇಕಾ ಎಂದು ಬಾಯಿಬಿಟ್ಟು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮನೋರೋಗ ವಿಭಾಗಗಳು ಒಂದೇ ಆವರಣದಲ್ಲಿವೆ.

"ಇನ್ನು ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಮಾತ್ರ ವಾರದ ಲೆಕ್ಕಕ್ಕೆ ಕಾಯಬೇಡಿ. ಅವರನ್ನು ಒಬ್ಬರನ್ನೇ ಬಿಡದೆ ಅವತ್ತೇ ಡಾಕ್ಟರಿಗೆ ತಿಳಿಸಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಂಬರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ.